ಅರ್ಧ ಕಿತ್ತಳೆ, ಅರ್ಧ ಕಡುಗೆಂಪು: ಡಲ್ಲಾಸ್‌ನ ರೆಡ್ ರಿವರ್ ಆಟಕ್ಕೆ ಹೊರಟವರಿಗೆ

2025ರ ಅಕ್ಟೋಬರ್ 11, ಶನಿವಾರ. ಬೆಳಗಿನ ಜಾವ ಐದಕ್ಕೆ ರೌಂಡ್ ರಾಕ್‌ನ ಮನೆಯಿಂದ ನಾನು, ನನ್ನ ಹೆಂಡತಿ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುವ ಮಗಳು ಹೊರಟೆವು. ಮೂವರ ಮೈಮೇಲೂ ಕಿತ್ತಳೆ ಅಂಗಿ. ಅದೇ ಹೊತ್ತಿಗೆ ಉತ್ತರದ ನಾರ್ಮನ್‌ನಿಂದ ಅಕ್ಕ, ಭಾವ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಓದುವ ಅವರ ಮಗ ಕಡುಗೆಂಪು ತೊಟ್ಟು ಹೊರಟಿದ್ದರು. ಎರಡೂ ಊರಿಗೆ ಡಲ್ಲಾಸ್ ಹೆಚ್ಚುಕಡಿಮೆ ನಡುದಾರಿ, ಯಾವ ಕಡೆಯಿಂದ ಬಂದರೂ ಮೂರು ಗಂಟೆಯ ಪ್ರಯಾಣ. ಈ ಎರಡು ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ತಂಡಗಳು ಮೊದಲು ಎದುರಾದದ್ದು 1900ರಲ್ಲಿ. 1929ರಿಂದ ಪ್ರತಿ ವರ್ಷವೂ ಡಲ್ಲಾಸ್‌ನಲ್ಲೇ ಸೇರುತ್ತಿವೆ. ಎರಡು ರಾಜ್ಯಗಳ ನಡುವಿನ ಗಡಿಯಾಗಿ ಹರಿಯುವ ರೆಡ್ ರಿವರ್ ನದಿಯದೇ ಹೆಸರು ಆಟಕ್ಕೂ ಬಂದಿದೆ.

2026ರ ಆಟಕ್ಕೆ ಹೋಗಬೇಕೆಂದುಕೊಂಡ ಹಲವರು ನನ್ನನ್ನು ಕೇಳುತ್ತಿದ್ದಾರೆ. ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಆಟ ಶುರುವಾಗುವ ಹೊತ್ತನ್ನು ನೋಡಿ ಹೊರಡಬೇಡಿ, ಜನ ನೋಡಿ ಹೊರಡಿ. 2023ರಲ್ಲಿ ನನಗೆ ಆ ತಿಳುವಳಿಕೆ ಇರಲಿಲ್ಲ. ಹನ್ನೊಂದಕ್ಕೆ ಆಟ, ಹತ್ತಕ್ಕೆ ತಲುಪಿದರೆ ಸಾಕು ಎಂದುಕೊಂಡೆ. ಕಾರು ನಿಲ್ಲಿಸಲು ಜಾಗ ಹುಡುಕಿ, ಜಾತ್ರೆಯ ಗೇಟಿನಲ್ಲಿ ಒಂದು ಸಾಲು, ಸ್ಟೇಡಿಯಂ ಗೇಟಿನಲ್ಲಿ ಇನ್ನೊಂದು ಸಾಲು ನಿಂತು ಒಳಗೆ ಹೋಗುವಷ್ಟರಲ್ಲಿ ಆಟದ ನಾಲ್ಕು ಭಾಗಗಳಲ್ಲಿ ಮೊದಲನೆಯದು, ಮೊದಲ ಕ್ವಾರ್ಟರ್, ಮುಗಿದೇ ಹೋಗಿತ್ತು. ಆ ದಿನ ಒಕ್ಲಹೋಮ ಕೊನೆಯ 15 ಸೆಕೆಂಡ್ ಉಳಿದಿದ್ದಾಗ ಟಚ್‌ಡೌನ್ ಹೊಡೆದು (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ) 34-30ರಲ್ಲಿ ಗೆದ್ದಿತು. ಸೋತ ಬೇಸರಕ್ಕಿಂತ, ಅಂಥ ಆಟದ ಆರಂಭವನ್ನೇ ಕಳೆದುಕೊಂಡೆನಲ್ಲ ಎಂಬ ಬೇಸರ ನನಗೆ ಹೆಚ್ಚು ದಿನ ಉಳಿಯಿತು.

ಜಾತ್ರೆ ಎಂದೆನಲ್ಲ, ಅದು ನಿಜಕ್ಕೂ ಜಾತ್ರೆಯೇ. ಕಾಟನ್ ಬೌಲ್ ಸ್ಟೇಡಿಯಂ ಇರುವುದು ಫೇರ್ ಪಾರ್ಕ್ ಎಂಬ ದೊಡ್ಡ ಆವರಣದ ಒಳಗೆ. 1886ರಿಂದ ಬಂದಿರುವ ಟೆಕ್ಸಾಸ್ ಸ್ಟೇಟ್ ಫೇರ್ ಅದೇ ಆವರಣದಲ್ಲಿ 24 ದಿನ ನಡೆಯುತ್ತದೆ. ಆಟ ಬೀಳುವುದು ಸಾಮಾನ್ಯವಾಗಿ ಅಕ್ಟೋಬರ್‌ನ ಎರಡನೇ ಶನಿವಾರ, ಫೇರ್‌ನ ನಟ್ಟನಡುವೆ. ಮೈಸೂರಿನ ದಸರಾ ವಸ್ತುಪ್ರದರ್ಶನದ ಮೈದಾನದೊಳಗೇ ತೊಂಬತ್ತು ಸಾವಿರ ಜನ ಕೂರುವ ಕ್ರೀಡಾಂಗಣ ಇದೆ ಎಂದುಕೊಳ್ಳಿ, ಆಗ ಅಲ್ಲಿನ ಶನಿವಾರ ಹೇಗಿರುತ್ತದೆ ಎಂಬುದು ಗೊತ್ತಾಗುತ್ತದೆ. ಆಟದ ಟಿಕೆಟ್ ಇದ್ದರೆ ಫೇರ್‌ಗೆ ಬೇರೆ ಟಿಕೆಟ್ ಬೇಡ, ಅದರಲ್ಲೇ ಸೇರಿರುತ್ತದೆ. ಇದು ತಿಳಿಯದೆ ಎರಡು ಸಲ ದುಡ್ಡು ಕೊಟ್ಟವರನ್ನು ನಾನು ಕಂಡಿದ್ದೇನೆ.

ಈಗ ಟಿಕೆಟ್ ವಿಷಯ. ಸ್ಟೇಡಿಯಂನ ಅರ್ಧ ಸೀಟು ಟೆಕ್ಸಾಸ್‌ಗೆ, ಅರ್ಧ ಒಕ್ಲಹೋಮಕ್ಕೆ. ಗೆರೆ ಬೀಳುವುದು ಮೈದಾನದ ಮಧ್ಯದ 50 ಗಜದ ಗುರುತಿನಲ್ಲಿ. ಸೀಸನ್ ಟಿಕೆಟ್ ಇಟ್ಟುಕೊಂಡವರಿಗೆ, ದೇಣಿಗೆ ಕೊಡುವ ಹಳೆಯ ವಿದ್ಯಾರ್ಥಿಗಳಿಗೆ, ಈಗಿನ ವಿದ್ಯಾರ್ಥಿಗಳಿಗೆ ಹಂಚಿದ ಮೇಲೆ ಹೊರಗಿನವರಿಗೆ ಉಳಿಯುವುದು ಮರುಮಾರಾಟದ ಟಿಕೆಟ್ ಮಾತ್ರ. ಅದು ಅಗ್ಗವಲ್ಲ, ನಮಗೆ ಒಂದೊಂದು ಸೀಟಿಗೂ ಮುನ್ನೂರು ಡಾಲರ್ ದಾಟಿತು. ಕೊಳ್ಳುವಾಗ ಬೆಲೆಯೊಂದನ್ನೇ ನೋಡಬೇಡಿ. ಆ ಸೆಕ್ಷನ್ ಯಾವ ತಂಡದ ಅರ್ಧದಲ್ಲಿದೆ ಎಂದು ನಕ್ಷೆ ಹಿಡಿದು ಖಚಿತ ಮಾಡಿಕೊಳ್ಳಿ. ಕಿತ್ತಳೆ ಅಂಗಿ ತೊಟ್ಟು ಕೆಂಪು ಸಮುದ್ರದ ನಡುವೆ ನಾಲ್ಕು ಗಂಟೆ ಕೂರುವುದು ಮಕ್ಕಳಿಗೆ ಕಷ್ಟ. ನಮ್ಮ ಹಾಗೆ ಒಂದೇ ಮನೆಯವರು ಎರಡು ತಂಡವಾಗಿದ್ದರೆ 50 ಗಜದ ಗೆರೆಯ ಅಕ್ಕಪಕ್ಕದ ಸೀಟು ಹುಡುಕಿ. ನಾವೂ ಅಕ್ಕನ ಮನೆಯವರೂ ನಾಲ್ಕೇ ಸಾಲಿನ ಅಂತರದಲ್ಲಿ ಕೂತಿದ್ದೆವು. ಅಲ್ಲಿಂದ ನೋಡಿದರೆ, ಯಾರೋ ದಾರ ಹಿಡಿದು ಗೆರೆ ಎಳೆದಂತೆ ಬಣ್ಣ ಬದಲಾಗುತ್ತದೆ. ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೂ ಕಣ್ಣೆದುರು ಕಂಡಾಗ ನನಗೆ ಮೈ ಜುಮ್ಮೆಂದಿತು.

ಇನ್ನೊಂದು, ಸ್ಟೇಡಿಯಂಗೆ ಮೇಲ್ಛಾವಣಿ ಇಲ್ಲ. 1930ರ ಕಟ್ಟಡ. ಆಟ ಮಧ್ಯಾಹ್ನದ್ದಾದರೆ ಪಶ್ಚಿಮದ ಕಡೆಯ ಸೀಟಿಗೆ ನೆರಳು ಮೊದಲು ಬರುತ್ತದೆ, ಪೂರ್ವದ ಕಡೆಯವರು ಸಂಜೆಯವರೆಗೂ ಸೂರ್ಯನಿಗೆ ಮುಖ ಕೊಟ್ಟು ಕೂರಬೇಕು. ಅಕ್ಟೋಬರ್ ಎಂದರೆ ಚಳಿ ಎಂದುಕೊಂಡು ಬರುವವರಿದ್ದಾರೆ. ಡಲ್ಲಾಸ್‌ನ ಅಕ್ಟೋಬರ್ ಬಿಸಿಲು ನಮ್ಮ ಮಾರ್ಚ್ ಬಿಸಿಲಿನಂತೆ ಸುಡಬಲ್ಲದು. ವಯಸ್ಸಾದ ಅಪ್ಪ ಅಮ್ಮನನ್ನು ಕರೆತರುವವರು ಇದನ್ನು ಯೋಚಿಸಿಯೇ ಸೀಟು ಕೊಳ್ಳಿ.

ಆಸ್ಟಿನ್ ಕಡೆಯಿಂದ ಬರುವವರಿಗೆ ಐ-35 ಹೆದ್ದಾರಿಯೇ ಮುಖ್ಯ ದಾರಿ. ಹಿಂದಿನ ರಾತ್ರಿಯೇ ಹೋಗಿ ಡಲ್ಲಾಸ್‌ನಲ್ಲಿ ತಂಗಿದರೆ ಉತ್ತಮ. ಆಗದಿದ್ದರೆ ಬೆಳಕು ಹರಿಯುವ ಮುಂಚೆ ವೇಕೋ ದಾಟುವಂತೆ ನೋಡಿಕೊಳ್ಳಿ. ವೇಕೋ ದಾಟಿದ ಮೇಲೆ ವೆಸ್ಟ್ ಎಂಬ ಪುಟ್ಟ ಊರು ಸಿಗುತ್ತದೆ, ಹಿಂದೆ ಚೆಕ್ ವಲಸಿಗರು ನೆಲೆಸಿದ ಊರು. ಹೆದ್ದಾರಿ ಬದಿಯಲ್ಲೇ ಇಡೀ ರಾತ್ರಿ ತೆರೆದಿರುವ ಬೇಕರಿ ಇದೆ. ಅಲ್ಲಿನ ಕೊಲಾಚೆ ಎಂಬ ಮೃದುವಾದ ಬನ್ನಿನ ಮಧ್ಯೆ ಏಪ್ರಿಕಾಟ್, ಗಸಗಸೆ, ಚೀಸ್ ತುಂಬಿರುತ್ತಾರೆ. ಸಸ್ಯಾಹಾರಿಗಳು ಹಣ್ಣಿನದನ್ನೇ ಕೇಳಿ ತೆಗೆದುಕೊಳ್ಳಿ, ಅದೇ ಆಕಾರದಲ್ಲಿ ಸಾಸೇಜ್ ತುಂಬಿದ್ದೂ ಪಕ್ಕದಲ್ಲೇ ಇರುತ್ತದೆ. ಹಿಲ್ಸ್‌ಬರೋ ಹತ್ತಿರ ರಸ್ತೆ ಎರಡಾಗಿ ಒಡೆಯುತ್ತದೆ. ಡಲ್ಲಾಸ್‌ಗೆ 35ಇ ಹಿಡಿಯಬೇಕು. 35ಡಬ್ಲ್ಯೂ ಫೋರ್ಟ್ ವರ್ತ್‌ಗೆ ಹೋಗುತ್ತದೆ.

ಕಾರನ್ನು ಫೇರ್ ಪಾರ್ಕ್‌ವರೆಗೆ ಒಯ್ಯಬೇಡಿ ಎಂಬುದು ನನ್ನ ಬಲವಾದ ಸಲಹೆ. ಡಾರ್ಟ್ ಎಂಬ ಡಲ್ಲಾಸ್‌ನ ನಗರ ರೈಲಿನ ಗ್ರೀನ್ ಲೈನ್ ಫೇರ್ ಪಾರ್ಕ್‌ನ ಮುಖ್ಯ ಬಾಗಿಲ ಎದುರೇ ನಿಲ್ಲುತ್ತದೆ. ಪ್ಲೇನೋದ ನೆಂಟರ ಮನೆಯಲ್ಲಿ ಉಳಿದವರು ರೆಡ್ ಲೈನ್, ಅರ್ವಿಂಗ್‌ನಲ್ಲಿ ಉಳಿದವರು ಆರೆಂಜ್ ಲೈನ್ ಹಿಡಿದು ಡೌನ್‌ಟೌನ್‌ನಲ್ಲಿ ಗ್ರೀನ್ ಲೈನ್‌ಗೆ ಬದಲಿಸಿದರಾಯಿತು. ಇಡೀ ದಿನದ ಪಾಸ್ ಮೊದಲೇ ಫೋನಿನಲ್ಲಿ ತೆಗೆದುಕೊಂಡಿರಿ. ರೈಲಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ, ಆದರೂ ಆ ಅರ್ಧ ಗಂಟೆಯೇ ನಮಗೆ ಆಟದ ಮೊದಲ ಭಾಗ ಎನಿಸಿತು. ಬೋಗಿಯ ಒಂದು ತುದಿಯಿಂದ ಒಕ್ಲಹೋಮದವರು ‘ಬೂಮರ್’ ಎಂದು ಕೂಗಿದರೆ ಇನ್ನೊಂದು ತುದಿಯಿಂದ ‘ಸೂನರ್’. ಅಷ್ಟರಲ್ಲಿ ನಡುವಿನವರು ‘ಟೆಕ್ಸಾಸ್’ ಎಂದು ಎಬ್ಬಿಸಿದರೆ ‘ಫೈಟ್’ ಎಂಬ ಉತ್ತರ. ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನಂತೆ ಹಿಡಿಯುವುದು ಟೆಕ್ಸಾಸ್‌ನವರ ಗುರುತು. ಅದನ್ನೇ ತಲೆಕೆಳಗು ಮಾಡಿ ತೋರಿಸುವುದು ಒಕ್ಲಹೋಮದವರ ರೂಢಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಕೂಗಾಟ ಎಷ್ಟೇ ಜೋರಾಗಿದ್ದರೂ ಹೆಂಗಸರು, ಮಕ್ಕಳು, ಮುದುಕರು ಎಲ್ಲ ಬರುವ ಆಟ ಇದು, ನಾವು ಹೋದ ಯಾವ ವರ್ಷವೂ ಅಸಭ್ಯವಾದದ್ದೇನೂ ನಮಗೆ ಎದುರಾಗಲಿಲ್ಲ.

ಊಟದ ಬಗ್ಗೆ ಮನೆಯವರು ಹೆಚ್ಚು ಕೇಳುತ್ತಾರೆ. ಫೇರ್‌ನೊಳಕ್ಕೆ ಮನೆಯ ತಿಂಡಿ ಒಯ್ಯಲು ಬಿಡುತ್ತಾರೆ, ಗಾಜಿನ ಪಾತ್ರೆ, ಮದ್ಯ ಇರಬಾರದು ಅಷ್ಟೇ. ಸ್ಟೇಡಿಯಂನೊಳಕ್ಕೆ ಬಿಡುವುದಿಲ್ಲ. ಆದ್ದರಿಂದ ಪುಳಿಯೋಗರೆ, ಚಪಾತಿ ಪಲ್ಯ ಎಲ್ಲ ಹೊರಗಿನ ಹುಲ್ಲಿನ ಮೇಲೆ ಕೂತು ಮುಗಿಸಿಕೊಂಡೇ ಒಳಗೆ ಹೋಗಬೇಕು. ನಾವು ಆರು ಜನ ಹನ್ನೊಂದು ಗಂಟೆಗೆ ಮರದ ನೆರಳಲ್ಲಿ ಕೂತು ಉಂಡೆವು. ಅಕ್ಕ ತಂದಿದ್ದ ಕೋಡುಬಳೆಯನ್ನು ಪಕ್ಕದ ಅಮೆರಿಕನ್ ಕುಟುಂಬವೂ ಕೇಳಿ ತಿಂದಿತು. ಫೇರ್‌ನ ಹೆಸರುವಾಸಿ ತಿನಿಸು ಕಾರ್ನಿ ಡಾಗ್, ಮುಸುಕಿನ ಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜು. ಮಾಂಸ ತಿನ್ನದವರಿಗೆ ಸುಟ್ಟ ಮುಸುಕಿನ ಜೋಳ ಸಿಗುತ್ತದೆ, ಜಿಲೇಬಿಯ ದೂರದ ನೆಂಟನಂತಿರುವ ಫನಲ್ ಕೇಕ್ ಇದೆ. ಕರಿದ ತಿಂಡಿ ಬೇಕಿದ್ದರೆ ಎಣ್ಣೆ ಯಾವುದಕ್ಕೆಲ್ಲ ಬಳಸಿದ್ದು ಎಂದು ಕೇಳಿಕೊಳ್ಳಿ. 2025ರಲ್ಲಿ ನಾವು ಹೋದಾಗ ಅಂಗಡಿಗಳಲ್ಲಿ ನಡೆದದ್ದು ಫೇರ್‌ನ ಕೂಪನ್, ಈಗ ಹೇಗೆಂದು ಮೊದಲೇ ವಿಚಾರಿಸಿಕೊಳ್ಳಿ.

ಸ್ಟೇಡಿಯಂಗೆ ಒಯ್ಯುವ ಚೀಲ ಪಾರದರ್ಶಕವಾಗಿರಬೇಕು. ಟಿಕೆಟ್ ಫೋನಿನಲ್ಲೇ ಇರುತ್ತದೆ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಕ್ಕುವುದಿಲ್ಲವಾದ್ದರಿಂದ ಮನೆಯಲ್ಲಿಯೇ ಫೋನಿನ ವಾಲೆಟ್‌ಗೆ ಇಳಿಸಿಟ್ಟುಕೊಳ್ಳಿ. ಕಳೆದುಹೋದರೆ ಸೇರುವ ಜಾಗವನ್ನೂ ಮೊದಲೇ ಗೊತ್ತುಮಾಡಿ. ನಮ್ಮದು ಬಿಗ್ ಟೆಕ್ಸ್‌ನ ಕಾಲಬುಡ. 55 ಅಡಿ ಎತ್ತರದ ಕೌಬಾಯ್ ಬೊಂಬೆ ಅದು, ಎಲ್ಲಿಂದಲೂ ಕಾಣುತ್ತದೆ. 2012ರಲ್ಲಿ ಫೇರ್ ನಡೆಯುತ್ತಿದ್ದಾಗಲೇ ಬೆಂಕಿಗೆ ಆಹುತಿಯಾಗಿ ಮರುವರ್ಷ ಮತ್ತೆ ಎದ್ದು ನಿಂತವನು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಇದು ಕಾಲಿನಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ದಾಟಿದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನಾಲ್ಕನೆಯದಕ್ಕೆ ಬಂದಾಗ ಕೋಚ್ ಏನು ಮಾಡುತ್ತಾರೆ ಎಂಬುದನ್ನು ಗಮನಿಸುತ್ತ ಹೋದರೆ ಎರಡನೇ ಕ್ವಾರ್ಟರ್ ಹೊತ್ತಿಗೆ ಆಟ ತಾನಾಗಿ ಬಿಡಿಸಿಕೊಳ್ಳುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಮೊದಲೇ ಸೀಟಿನಲ್ಲಿರಿ. ಎರಡೂ ತಂಡ ಒಂದೇ ಸುರಂಗದಿಂದ ಮೈದಾನಕ್ಕಿಳಿಯುವುದನ್ನು ತಪ್ಪಿಸಿಕೊಳ್ಳಬಾರದು. ಟೆಕ್ಸಾಸ್‌ನ ಲಾಂಛನವಾದ ಬೀವೋ ಎಂಬ ಜೀವಂತ ಎತ್ತನ್ನೂ ಮಕ್ಕಳಿಗೆ ತೋರಿಸಿ. ಕಡೂರು ಕಡೆ ಅಮೃತಮಹಲ್ ದನ ನೋಡಿ ಬೆಳೆದವನು ನಾನು. ನಮ್ಮವುಗಳ ಕೊಂಬು ಕತ್ತಿಯಂತೆ ಮೇಲಕ್ಕೆ ಏಳುತ್ತವೆ, ಇದರದು ಎರಡು ಪಕ್ಕಕ್ಕೂ ಮಾರುದ್ದ ಚಾಚಿರುತ್ತವೆ.

ಕಳೆದ ಆಟ ಎರಡೂವರೆಗೆ ಶುರುವಾಯಿತು. ಒಕ್ಲಹೋಮ ಆರನೇ ರ‍್ಯಾಂಕ್‌ನಲ್ಲಿತ್ತು, ಟೆಕ್ಸಾಸ್ ದೇಶದ ಮೊದಲ 25 ತಂಡಗಳ ಪಟ್ಟಿಯಿಂದಲೇ ಹೊರಗೆ ಬಿದ್ದಿತ್ತು. ಒಕ್ಲಹೋಮದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ಆಟ ನಡೆಸುವವ, ಜಾನ್ ಮಟೀರ್ ಕೈಗೆ ಶಸ್ತ್ರಚಿಕಿತ್ಸೆಯಾಗಿ ಮೂರು ವಾರವೂ ಕಳೆಯದೆ ಮೈದಾನಕ್ಕಿಳಿದಿದ್ದ. ಅರ್ಧ ಆಟಕ್ಕೆ ಒಕ್ಲಹೋಮ 6-3ರಲ್ಲಿ ಮುಂದೆ. “ಈ ಸಲ ನಮ್ದೇ ಕಣಯ್ಯ” ಎಂದು ಭಾವ ನಾಲ್ಕು ಸಾಲಿನಾಚೆಯಿಂದ ಕೈಮಾಡಿದರು. “ಇನ್ನೂ ಅರ್ಧ ಇದೆ ಭಾವ” ಎಂದು ನಾನೂ ಕೂಗಿದೆ. ದ್ವಿತೀಯಾರ್ಧದಲ್ಲಿ ಟೆಕ್ಸಾಸ್ 20 ಅಂಕ ಗಳಿಸಿತು, ಒಕ್ಲಹೋಮಕ್ಕೆ ಒಂದೂ ಬರಲಿಲ್ಲ. ಟೆಕ್ಸಾಸ್‌ನ ರಯಾನ್ ನಿಬ್ಲೆಟ್ ಪಂಟ್ (ಎದುರಾಳಿ ದೂರಕ್ಕೆ ಒದ್ದುಬಿಟ್ಟ ಚೆಂಡು) ಹಿಡಿದು 75 ಗಜ ಓಡಿ ಟಚ್‌ಡೌನ್ ಮಾಡಿದಾಗ ನಮ್ಮ ಅರ್ಧ ಎದ್ದು ನಿಂತದ್ದು ಮತ್ತೆ ಕೂರಲೇ ಇಲ್ಲ. ಮಟೀರ್‌ನ ಮೂರು ಪಾಸ್‌ಗಳು ಎದುರಾಳಿಗಳ ಕೈಸೇರಿದವು. ಕೊನೆಗೆ 23-6.

ಆದರೆ ಆ ವರ್ಷ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ನ ಹನ್ನೆರಡು ತಂಡಗಳಲ್ಲಿ ಜಾಗ ಸಿಕ್ಕಿದ್ದು ಸೋತ ಒಕ್ಲಹೋಮಕ್ಕೆ, ಗೆದ್ದ ಟೆಕ್ಸಾಸ್‌ಗಲ್ಲ. ಇದೇ ಕಾರಣಕ್ಕೆ ಈ ವರ್ಷದ ಆಟದ ಬಗ್ಗೆ ನಮ್ಮಿಬ್ಬರ ಮನೆಯಲ್ಲೂ ಮಾತು ಬಿಸಿಯಾಗಿದೆ. 2024ರಲ್ಲಿ ಎರಡೂ ತಂಡಗಳು ಎಸ್‌ಇಸಿ ಕಾನ್ಫರೆನ್ಸ್ (ದಕ್ಷಿಣ ಭಾಗದ ವಿಶ್ವವಿದ್ಯಾಲಯ ತಂಡಗಳ ಒಕ್ಕೂಟ) ಸೇರಿದ ಮೇಲೆ ಟೆಕ್ಸಾಸ್ ಎರಡಕ್ಕೆ ಎರಡೂ ಗೆದ್ದಿದೆ, ಮೊದಲನೆಯದು 34-3ರಲ್ಲಿ. 2026ರಿಂದ ಎಸ್‌ಇಸಿಯಲ್ಲಿ ಪ್ರತಿ ತಂಡ ಆಡುವ ಕಾನ್ಫರೆನ್ಸ್ ಆಟಗಳು ಎಂಟರಿಂದ ಒಂಬತ್ತಕ್ಕೆ ಏರಿವೆ, ಹಾಗಾಗಿ ಒಂದು ಸೋಲು ತಂಡವನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಎಂಬ ಲೆಕ್ಕವೇ ಬದಲಾಗುತ್ತದೆ. ಭಾವನಿಗೆ ಒಕ್ಲಹೋಮದ ಕೋಚ್ ಬ್ರೆಂಟ್ ವೆನೆಬಲ್ಸ್ ಕಟ್ಟಿದ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆಯ ಮೇಲೆ ನಂಬಿಕೆ. ನನ್ನ ಲೆಕ್ಕದಲ್ಲಿ ಈ ಆಟ ತೀರ್ಮಾನವಾಗುವುದು ಎರಡು ಕಡೆ: ಟೆಕ್ಸಾಸ್‌ನ ಮುಂಸಾಲಿನ ಐವರು ಆ ಡಿಫೆನ್ಸ್‌ನ ಒತ್ತಡವನ್ನು ತಡೆಯುತ್ತಾರೆಯೇ, ಮತ್ತು ಪಂಟ್, ಫೀಲ್ಡ್ ಗೋಲ್‌ಗಳಂಥ ಒದೆತದ ಆಟದಲ್ಲಿ ಯಾರು ತಪ್ಪು ಮಾಡುತ್ತಾರೆ. ಕಳೆದ ಸಲ ಅರ್ಧ ಆಟದವರೆಗೂ ಯಾರಿಗೂ ಟಚ್‌ಡೌನ್ ಸಿಕ್ಕಿರಲಿಲ್ಲ ಎಂಬುದನ್ನು ನೆನಪಿಡಿ. ರ‍್ಯಾಂಕ್ ನೋಡಿ ಯಾರೂ ಧೈರ್ಯ ತಂದುಕೊಳ್ಳಬೇಡಿ.

ಮುನ್ನಡೆ ನೋಡಿ ಎದ್ದು ಹೊರಡಲೂ ಬೇಡಿ. 2021ರಲ್ಲಿ ಟೆಕ್ಸಾಸ್ ಮೊದಲ ಕ್ವಾರ್ಟರ್‌ನಲ್ಲೇ 28-7ರಲ್ಲಿ ಮುಂದಿದ್ದು ಕೊನೆಗೆ 55-48ರಲ್ಲಿ ಸೋತಿತು. ಅದರ ಹಿಂದಿನ ವರ್ಷ ಆಟ ಸಮವಾಗಿ, ಗೆದ್ದವರು ಯಾರೆಂದು ತಿಳಿಯಲು ನಾಲ್ಕು ಓವರ್‌ಟೈಮ್ ಬೇಕಾಗಿತ್ತು.

ಆಟ ಮುಗಿದ ಮೇಲಿನ ಅರ್ಧ ಗಂಟೆಯನ್ನೂ ಉಳಿಸಿಕೊಳ್ಳಿ. ಸೋತವರ ಅರ್ಧ ಕೆಲವೇ ನಿಮಿಷದಲ್ಲಿ ಖಾಲಿಯಾಗಿ ಬೆಂಚುಗಳು ಕಾಣುತ್ತವೆ, ಗೆದ್ದವರ ಅರ್ಧ ಮಾತ್ರ ಹಾಗೇ ತುಂಬಿರುತ್ತದೆ. ಆಟಗಾರರು ಗೋಲ್ಡನ್ ಹ್ಯಾಟ್ ಎಂಬ ಚಿನ್ನದ ಟೋಪಿಯನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸುತ್ತ ಮೈದಾನದ ಅಂಚಿಗೆ ಬರುತ್ತಾರೆ. 1941ರಿಂದ ನಡೆದುಬಂದ ಟ್ರೋಫಿ ಅದು. ರೈಲಿಗೂ ಆಗಲೇ ನೂಕುನುಗ್ಗಲು, ಆದ್ದರಿಂದ ಕೂಡಲೇ ನಿಲ್ದಾಣಕ್ಕೆ ಓಡದೆ ಫೇರ್‌ನಲ್ಲಿ ಎರಡು ಗಂಟೆ ಕಳೆಯಿರಿ. 1936ರ ಟೆಕ್ಸಾಸ್ ಶತಮಾನೋತ್ಸವಕ್ಕಾಗಿ ಕಟ್ಟಿದ ಕಟ್ಟಡಗಳು, ಅವುಗಳ ನಡುವಿನ ಉದ್ದನೆಯ ನೀರಿನ ಕೊಳ ಸಂಜೆಯ ದೀಪದಲ್ಲಿ ಬಹಳ ಚೆಂದ. 212 ಅಡಿಯ ಟೆಕ್ಸಾಸ್ ಸ್ಟಾರ್ ಎಂಬ ರಾಟೆ ತೊಟ್ಟಿಲಿನಲ್ಲಿ ಕೂತರೆ ಇಡೀ ಡೌನ್‌ಟೌನ್ ಕಾಣುತ್ತದೆ.

ನಾವು ಬಿಗ್ ಟೆಕ್ಸ್ ಹತ್ತಿರ ಬಂದಾಗ ಭಾವ ಆಗಲೇ ಬಂದು ನಿಂತಿದ್ದರು. ಅಕ್ಕನ ಮಗ ಮುಖ ಸಪ್ಪಗೆ ಮಾಡಿಕೊಂಡಿದ್ದ, ಮಗಳು ಹೋಗಿ ಅವನ ಹೆಗಲ ಮೇಲೆ ಕೈಹಾಕಿದಳು. ಅಕ್ಕ ಉಳಿದ ಕೋಡುಬಳೆ ಡಬ್ಬಿ ತೆರೆದಳು. ಈ ಅಕ್ಟೋಬರ್‌ಗೂ ಅದೇ ಜಾಗ ಗೊತ್ತಾಗಿದೆ. ಆಟದ ಸಮಯ ಯಾವುದೇ ಆಗಿರಲಿ, ಬೆಳಿಗ್ಗೆ ಫೇರ್‌ನ ಬಾಗಿಲು ತೆರೆಯುವ ಹೊತ್ತಿಗೆ ನಾವು ಅಲ್ಲಿರುತ್ತೇವೆ.