ಹಸಿರು ದಾರದ ಮರಿ ಹುಂಜ ಅಲ್ಲ: ಅಸೀಲ್ ಮರಿಗಳ 14ನೇ ವಾರ

ಅಸೀಲ್ ಅಂದರೆ ಕಾಳಗಕ್ಕೆ ಹೆಸರಾದ ಕೋಳಿ ತಳಿ. ಬೇರೆಯವರು ಕೊಟ್ಟ ಅಸೀಲ್ ಮೊಟ್ಟೆಗಳ ಮೇಲೆ ನಮ್ಮ ನಾಟಿ ಹೇಂಟೆ ಕಾವಿಗೆ ಕೂತ 21ನೇ ದಿನ ಒಂಬತ್ತು ಮೊಟ್ಟೆಯಲ್ಲಿ ಏಳು ಒಡೆದಿದ್ದವು. ಒಂದು ಮರಿಯನ್ನು ಹದ್ದು ಹೊತ್ತುಕೊಂಡು ಹೋಯಿತು. ಉಳಿದ ಆರರ ಕಾಲಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಪ್ರತಿ ಭಾನುವಾರ ಹಿಡಿದು ನೋಡಿ ಬರೆದಿಡುತ್ತಿದ್ದೇನೆ. ಹುಂಜ ಯಾವುದು ಅಂತ ಬೇಗ ಗೊತ್ತಾಗಲೇಬೇಕು. ಅಸೀಲ್ ಹುಂಜಗಳು ಒಂದೇ ಗೂಡಲ್ಲಿದ್ದರೆ ರಕ್ತ ಬರುವ ತನಕ ಬಿಡುವುದಿಲ್ಲ. ನಾನು ಸಾಕುತ್ತಿರುವುದು ಕೋಳಿ ಅಂಕಕ್ಕಲ್ಲ (ಕಾಳಗಕ್ಕಲ್ಲ), ತಳಿಯ ಮೇಲಿನ ಪ್ರೀತಿಗೆ.

ಆರನೇ ವಾರದ ಪುಟದಲ್ಲಿ ‘ಹಸಿರು: ಹುಂಜ, ಅನುಮಾನವೇ ಇಲ್ಲ’ ಅಂತ ಬರೆದಿದ್ದೆ. ಕತ್ತು ನೆಟ್ಟಗೆ, ಕಾಲು ದಪ್ಪ. ಕಾಳು ಹಾಕಿದರೆ ಎಲ್ಲವನ್ನೂ ಕುಕ್ಕಿ ಓಡಿಸುತ್ತಿತ್ತು. ಆದರೆ ಈ ಜಾತಿಯಲ್ಲಿ ಹೆಣ್ಣು ಮರಿಯೂ ಹಾಗೇ ನಿಲ್ಲುತ್ತದೆ, ಜಗಳಕ್ಕೂ ಬರುತ್ತದೆ. ಕಾಲಿನ ಮುಳ್ಳನ್ನೂ ನಂಬುವ ಹಾಗಿಲ್ಲ, ಹೇಂಟೆಗೂ ಬರುವುದುಂಟು. ಜುಟ್ಟು ತಲೆಗೆ ಅಂಟಿಕೊಂಡ ಮೂರು ಸಾಲಿನ ಗಿಡ್ಡ ಜುಟ್ಟು, ಬೆಳೆಯುವುದೇ ನಿಧಾನ.

ಗುಟ್ಟು ಇದ್ದದ್ದು ಪುಕ್ಕದಲ್ಲಿ. ಹನ್ನೆರಡನೇ ವಾರ ನೀಲಿ ದಾರದ ಮರಿಯನ್ನು ತೊಡೆ ಮೇಲೆ ಇಟ್ಟುಕೊಂಡು, ಬಾಲ ಶುರುವಾಗುವ ಜಾಗವನ್ನು ಬಿಸಿಲಿಗೆ ಹಿಡಿದೆ. ಹಳೇ ಪುಕ್ಕದ ನಡುವೆ ಎರಡೇ ಎರಡು ಹೊಸ ಪುಕ್ಕ. ಸಪೂರ, ತುದಿ ಚೂಪು, ಎಣ್ಣೆ ಸವರಿದ ಹಾಗೆ ಹೊಳಪು. ಹುಂಜ! ಹಸಿರಿನದು ಅದೇ ಜಾಗದಲ್ಲಿ ಅಗಲ ಪುಕ್ಕ, ತುದಿ ಉಗುರಿನ ಹಾಗೆ ಗುಂಡಗೆ. ಇವತ್ತು ಮತ್ತೆ ನೋಡಿದೆ, ಹಾಗೇ ಇದೆ. ಆರನೇ ವಾರದ ಸಾಲನ್ನು ಹೊಡೆದುಹಾಕಿ ‘ಹೇಂಟೆ’ ಅಂತ ಬರೆದೆ. ಅಮ್ಮನಿಗೆ ಖುಷಿ. “ಯಾಟೆ ಆದ್ರೆ ಒಳ್ಳೇದೇ ಅಲ್ವಾ, ಮೊಟ್ಟೆ ಇಡುತ್ತೆ” ಅಂದರು. ಅಸೀಲ್ ಇಡುವ ಮೊಟ್ಟೆ ಕಡಿಮೆ, ಆದರೆ ಕಾವು ಕೊಡುವುದರಲ್ಲಿ ಗಟ್ಟಿ.

ತಳಿಯ ವಿಷಯ ಮಾತ್ರ ಬೇಜಾರಾಯಿತು. ಮೊಟ್ಟೆ ಕೊಟ್ಟವರು ಅಪ್ಪಟ ಅಸೀಲ್ ಅಂದಿದ್ದರು. ಅಸೀಲ್ ಅನ್ನೋ ಅರಬ್ಬಿ ಮಾತಿನ ಅರ್ಥವೇ ಅಪ್ಪಟ. ಆದರೆ ಕೆಂಪು ದಾರದ ಮರಿಗೆ ಗಿರಿರಾಜ ತಳಿಯ ಕೋಳಿಯ ಹಾಗೆ ಒಂಟಿ ಸಾಲಿನ, ಗರಗಸದ ಹಲ್ಲಿನ ಜುಟ್ಟು ಎದ್ದಿದೆ. ತಂದೆ, ತಾಯಿ ಎರಡರಿಂದಲೂ ಬಂದರೆ ಮಾತ್ರ ಒಂಟಿ ಜುಟ್ಟು ಕಾಣಿಸಿಕೊಳ್ಳುತ್ತದೆ. ಒಂದೇ ಕಡೆಯಿಂದ ಬಂದರೆ ಮೂರು ಸಾಲಿನದೇ ಗೆಲ್ಲುತ್ತದೆ. ಅಂದರೆ ಬೆರಕೆ ಎರಡೂ ಕಡೆ ಇದೆ. ಎಲ್ಲವೂ ಅದೇ ಜೋಡಿಯ ಮರಿಗಳು, ಹಾಗಾಗಿ ಆರೂ ಹೆಸರಿನ ಮುಂದೆ ‘ಅಸೀಲ್ ಬೆರಕೆ’ ಅಂತಲೇ ಬರೆದೆ.

ಸದ್ಯಕ್ಕೆ ನೀಲಿ, ಕೆಂಪು, ಬಿಳಿ ಹುಂಜ. ಹಸಿರು, ಹಳದಿ ಹೇಂಟೆ. ಕಪ್ಪು ದಾರದ್ದು ಇನ್ನೂ ಪುಕ್ಕ ಬದಲಿಸುತ್ತಿದೆ. ನೀಲಿಯ ಕಾಲಿಗೆ ದಾರ ಬಿಗಿಯಾಗಿದೆ, ನಾಳೆ ಬಿಚ್ಚಿ ಸಡಿಲವಾಗಿ ಕಟ್ಟಬೇಕು.