ಸುಮ್ನೆ ಇಂಗ್ಲಿಷ್ ಕಲಿಸಿದ್ರೆ ಸಾಲದಾ ಮೇಡಂ?

ಚಿಕ್ಕಮಗಳೂರಿನಲ್ಲಿ ದೊಡ್ಡವರಿಗೆ ಸಂಜೆ ಕ್ಲಾಸು ಮಾಡುತ್ತೇನೆ. ಹೋಂಸ್ಟೇ ನಡೆಸುವವರು, ತೋಟದ ಲೆಕ್ಕಪತ್ರ ಬರೆಯುವ ರೈಟರ್‌ಗಳು, ಪಿಎಚ್.ಡಿ.ಗೆ ಸೇರಿರುವ ಮೇಷ್ಟ್ರು, ಮಕ್ಕಳು ಕಾಲೇಜಿಗೆ ಹೋದ ಮೇಲೆ ತಾವೂ ಎಂ.ಎ.ಗೆ ಕಟ್ಟಿದ ಅಮ್ಮಂದಿರು ಬರುತ್ತಾರೆ. ಸೇರುವ ಮೊದಲು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಇಂಗ್ಲಿಷಿಗೆ ಅಂತ ಬಂದ್ರೆ ವ್ಯಾಪಾರದ ಲೆಕ್ಕ, ಸರ್ವೆ, ಸ್ಯಾಂಪಲ್ ಅಂತೀರಲ್ಲ. ಸುಮ್ನೆ ಇಂಗ್ಲಿಷ್ ಕಲಿಸಿದ್ರೆ ಸಾಲದಾ ಮೇಡಂ?"

ಸಾಲುವುದಿಲ್ಲ.

ಒಬ್ಬ ರೈಟರ್ ಅಣ್ಣ ಕಾಫಿ ಕೊಂಡವರಿಗೆ ಬರೆದ ಮೇಲ್ ತಂದಿದ್ದರು. "ಸ್ಪೆಲ್ಲಿಂಗ್ ಒಂದು ನೋಡಿಬಿಡಿ" ಅಂದರು. ಸ್ಪೆಲ್ಲಿಂಗ್ ಸರಿಯಾಗೇ ಇತ್ತು. ಆದರೆ ನಮಗೆ ದುಡ್ಡು ಕಡಿಮೆ ಬಂದಿದೆ, ಕೈಂಡ್ಲಿ ಡು ದ ನೀಡ್‌ಫುಲ್, ಇಷ್ಟೇ ಬರೆದಿದ್ದರು. ಎಷ್ಟು ಕಡಿಮೆ? ಯಾವ ಲೆಕ್ಕಕ್ಕೆ? ಆ ನೀಡ್‌ಫುಲ್ ಏನು ಅಂತ ಓದಿದವರಿಗೆ ಗೊತ್ತಾಗಬೇಕಲ್ವಾ?

ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಲ್ಲೇ ಲೆಕ್ಕ ಹಾಕಿದೆವು. ಚೆರಿ ಅಂದರೆ ಒಣಗಿಸಿದ ಕಾಫಿ ಹಣ್ಣು. 50 ಕೆ.ಜಿ. ಚೆರಿ ಚೀಲದಲ್ಲಿ 28 ಕೆ.ಜಿ. ಬೀಜ ಸಿಕ್ಕರೆ ಅದು 28 ಓ.ಟಿ., ಅಂದರೆ ಔಟ್‌ಟರ್ನ್. ಒಂದು ಓ.ಟಿ.ಗೆ 400 ರೂಪಾಯಿ ರೇಟು ಅಂದುಕೊಳ್ಳಿ, ಚೀಲಕ್ಕೆ 11,200 ಆಯಿತು. ಇವರು ನೋಡಿದಾಗ 28 ಬಂದಿತ್ತು, ಕೊಂಡವರು 26 ಹಾಕಿದ್ದರು. ಚೀಲಕ್ಕೆ 800, ನಲವತ್ತು ಚೀಲಕ್ಕೆ 32,000 ರೂಪಾಯಿ. ಇಷ್ಟು ಹಾಳೆಯ ಮೇಲೆ ಬಂದ ಮೇಲೆ ಮೇಲ್ ನಾಲ್ಕೇ ಸಾಲಿನಲ್ಲಿ ಮುಗಿಯಿತು. ನಮ್ಮ ಲೆಕ್ಕ ಇದು, ನಿಮ್ಮದು ಇದು, ವ್ಯತ್ಯಾಸ ಇಷ್ಟು, ಇನ್ನೊಂದು ಸಲ ಸ್ಯಾಂಪಲ್ ತೆಗೆಯೋಣ. ಅದರ ಇಂಗ್ಲಿಷ್ ಹತ್ತನೇ ಕ್ಲಾಸಿನವರಿಗೂ ಬರುತ್ತದೆ. ಅವರಿಗೆ ತೊಡಕಾಗಿದ್ದು ಭಾಷೆ ಅಲ್ಲವೇ ಅಲ್ಲ.

ಭಾಷೆಯೇ ತೊಡಕಾಗುವ ಜಾಗ ಬೇರೆ ಇದೆ. ಕನ್ನಡದಲ್ಲಿ 'ಕಳಿಸು' ಬೇರೆ, 'ಕಳಿಸಿ' ಬೇರೆ. 'ಕಳಿಸಿ' ಅಂದರೆ ಮರ್ಯಾದೆ ಅದರೊಳಗೇ ಇದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಸೆಂಡ್' ಒಂದೇ. ನಮ್ಮವರು ಮನಸ್ಸಿನಲ್ಲಿ 'ದುಡ್ಡು ಕಳಿಸಿ' ಅಂದುಕೊಂಡು 'ಸೆಂಡ್ ದ ಪೇಮೆಂಟ್' ಅಂತ ಬರೆಯುತ್ತಾರೆ. ಓದುವವರಿಗೆ ಹುಕುಂ ಮಾಡಿದ ಹಾಗೆ ಕೇಳಿಸುತ್ತದೆ. ಇಷ್ಟು ಮರ್ಯಾದಸ್ಥ ಜನ ಕಾಗದದಲ್ಲಿ ಒರಟರಾಗಿ ಕಾಣುವುದು ನನಗೆ ನಿಜಕ್ಕೂ ಸಂಕಟ. ಹಾಗಾಗಿ 'ಕುಡ್ ಯು ಪ್ಲೀಸ್' ಅನ್ನುವುದನ್ನು ನಾನು ಗ್ರಾಮರ್ ಅಂತ ಕಲಿಸುವುದಿಲ್ಲ. ಇದು ಇಂಗ್ಲಿಷಿನವರ ಬಹುವಚನ ಅಂತ ಹೇಳುತ್ತೇನೆ. ತಕ್ಷಣ ಹಿಡಿಯುತ್ತಾರೆ.

ಇನ್ನು ಸಂಶೋಧನೆ. ಆ ಹೆಸರು ಕೇಳಿದರೆ ಮೇಷ್ಟ್ರುಗಳೇ ಹೆದರುತ್ತಾರೆ. ಆದರೆ ಸಂಶೋಧನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಆಗಿನ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರು ಮಾಡಿದ್ದು 1925ರಲ್ಲಿ. ಇವತ್ತದು ಕಾಫಿ ಬೋರ್ಡಿನ ಸಂಶೋಧನಾ ಸಂಸ್ಥೆ. ಮಣ್ಣು ಪರೀಕ್ಷೆಗೆ ಕೊಟ್ಟ ಬೆಳೆಗಾರರಿಗೆ ಸ್ಯಾಂಪಲ್ ಅಂದರೇನು ಅಂತ ಚೆನ್ನಾಗಿ ಗೊತ್ತು. ತೋಟದ ತುಂಬ ಅಂಕುಡೊಂಕಾಗಿ ನಡೆದು ಹಲವು ಕಡೆ ಮಣ್ಣು ತೆಗೆಯಬೇಕು. ಗೊಬ್ಬರದ ಗುಂಡಿ ಪಕ್ಕ, ರಸ್ತೆ ಬದಿ ತೆಗೆಯಬಾರದು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಡಬೇಕು. ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ.

ಪಿಎಚ್.ಡಿ. ಮಾಡುತ್ತಿದ್ದ ಮೇಷ್ಟ್ರು ತಮ್ಮದೇ ಕ್ಲಾಸಿನ ಮಕ್ಕಳಿಗೆ ಪ್ರಶ್ನಾವಳಿ ಹಂಚಿ, ಜಿಲ್ಲೆಯ ಮಕ್ಕಳೆಲ್ಲ ಹೀಗೆ ಅಂತ ಬರೆದಿದ್ದರು. ಪಕ್ಕದಲ್ಲಿ ಕೂತಿದ್ದ ಬೆಳೆಗಾರರೇ ಹೇಳಿದರು. "ಸಾರ್, ಇದು ಗೊಬ್ಬರದ ಗುಂಡಿ ಪಕ್ಕ ಮಣ್ಣು ತೆಗೆದಂಗಾಯ್ತು." ಒಂದು ಗಂಟೆ ನಾನು ಪಾಠ ಮಾಡಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಪ್ರಶ್ನೆ ಕೇಳುವುದನ್ನೂ ಹೀಗೇ ಕಲಿಯುತ್ತೇವೆ. ಹೋಂಸ್ಟೇ ಅಕ್ಕ ಒಬ್ಬರು ಅತಿಥಿಗಳನ್ನು ಕೇಳುತ್ತಿದ್ದುದು "ಊಟ ಚೆನ್ನಾಗಿತ್ತು ಅಲ್ವಾ?" ಅಂತ. 'ಅಲ್ವಾ' ಅಂದ ಮೇಲೆ ಯಾರು ಇಲ್ಲ ಅನ್ನುತ್ತಾರೆ? ಆ ಪದ ತೆಗೆದು ಬೇರೆ ಪ್ರಶ್ನೆ ಹುಡುಕಿ ಅಂದೆ. ಮುಂದಿನ ವಾರ ಇಂಗ್ಲಿಷಿನಲ್ಲಿ ಬರೆದು ತಂದರು. 'ವಾಟ್ ಡಿಡ್ ಯು ಲೆಫ್ಟ್ ಆನ್ ದ ಪ್ಲೇಟ್?' ತಟ್ಟೆಯಲ್ಲಿ ಏನು ಬಿಟ್ಟಿರಿ ಅಂತ. ಎಷ್ಟು ಒಳ್ಳೆಯ ಪ್ರಶ್ನೆ! 'ಡಿಡ್' ಬಂದ ಮೇಲೆ 'ಲೀವ್' ಸಾಕು ಅಂತ ಕ್ಲಾಸಿನವರೇ ತಿದ್ದಿದರು. ಉತ್ತರವನ್ನೂ ಅಕ್ಕ ತಂದರು. ಅತಿಥಿಗಳು ಕಡುಬು ಪೂರ್ತಿ ತಿಂದಿದ್ದರು. ಬಿಟ್ಟಿದ್ದು ಕಾಫಿಯನ್ನು, ಸಕ್ಕರೆ ಜಾಸ್ತಿ ಅಂತ. ಈಗ ಅವರ ಮನೆಯಲ್ಲಿ ಸಕ್ಕರೆ ಬೇರೆ ಬಟ್ಟಲಿನಲ್ಲಿ ಬರುತ್ತದೆ.