ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಅಕ್ಷರಗಳ ಬೆನ್ನು ಹತ್ತುವ ನೆರಳು

ಹೊಸದಾಗಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ಉದ್ದನೆಯ ಪುಟಗಳನ್ನು ಸ್ಕ್ರೋಲ್ ಮಾಡುವಾಗಲೆಲ್ಲ ಅಕ್ಷರಗಳ ಹಿಂದೆ ಮಾಸಲು ನೆರಳೊಂದು ಎಳೆದುಕೊಂಡು ಬರುತ್ತಿತ್ತು. ಕಡುಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರಗಳಿದ್ದಾಗ ಅದು ಎದ್ದು ಕಾಣುತ್ತಿತ್ತು, ಬಿಳಿ ಹಿನ್ನೆಲೆಯಲ್ಲಿ ಅಷ್ಟಾಗಿ ತೋರುತ್ತಿರಲಿಲ್ಲ. ಇಂಥ ತೊಂದರೆ ಕಂಡೊಡನೆ ಡ್ರೈವರ್‌ಗಳನ್ನು (ಯಂತ್ರಭಾಗಗಳನ್ನು ನಡೆಸುವ ಸಾಫ್ಟ್‌ವೇರುಗಳನ್ನು) ಕಿತ್ತು ಮತ್ತೆ ಹಾಕಲು ಹೊರಡುವವರೇ ಹೆಚ್ಚು. ಆದರೆ ಇಂಥ ನೆರಳಿಗಿರುವ ಘೋಸ್ಟಿಂಗ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾರಣಗಳ ದೋಷಗಳು ಅಡಗಿರುವುದರಿಂದ, ನೆರಳು ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡುವುದು ಲೇಸು.

ಅದಕ್ಕೆ ಎರಡು ಸರಳ ಪರೀಕ್ಷೆಗಳು ಸಾಕು. ಸ್ಕ್ರೋಲ್ ಮಾಡುವಾಗ ಪರದೆಯನ್ನು ರೆಕಾರ್ಡ್ ಮಾಡಿ, ಆ ವಿಡಿಯೊವನ್ನು ಬೇರೊಂದು ಸಾಧನದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ನೆರಳು ಅದರಲ್ಲಿಯೂ ಇದ್ದರೆ ದೋಷ ಸಾಫ್ಟ್‌ವೇರಿನದು, ಏಕೆಂದರೆ ರೆಕಾರ್ಡಿಂಗ್ ಎನ್ನುವುದು ಚಿತ್ರವು ಪ್ಯಾನೆಲ್ (ಚಿತ್ರ ಮೂಡಿಸುವ ಪರದೆಯ ಫಲಕ) ತಲುಪುವ ಮೊದಲೇ ತೆಗೆದ ಪ್ರತಿ. ಎರಡನೆಯದಾಗಿ, ಕೇಬಲ್ ಹಾಕಿ ಹೊರಗಿನ ಮಾನಿಟರಿನಲ್ಲಿ ಅದೇ ಪುಟವನ್ನು ಅದೇ ವೇಗದಲ್ಲಿ ಸರಿಸಿ ನೋಡಬೇಕು. ನನ್ನಲ್ಲಿ ರೆಕಾರ್ಡಿಂಗ್ ಸ್ವಚ್ಛವಾಗಿತ್ತು, ಮಾನಿಟರಿನಲ್ಲಿಯೂ ನೆರಳಿರಲಿಲ್ಲ. ಹಾಗಾಗಿ ಸಂಶಯ ಉಳಿದದ್ದು ಲ್ಯಾಪ್‌ಟಾಪಿನ ಪ್ಯಾನೆಲ್ ಮತ್ತು ಅದಕ್ಕೆ ಚಿತ್ರವನ್ನು ಒಪ್ಪಿಸುವ ವ್ಯವಸ್ಥೆಯ ಮೇಲೆ ಮಾತ್ರ. (ಮೌಸ್ ಬಾಣದ ಹಿಂದೆ ಮಾತ್ರ ಬಾಲ ಕಾಣುತ್ತಿದ್ದರೆ, ವಿಂಡೋಸ್‌ನ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಪಾಯಿಂಟರ್ ಟ್ರೇಲ್ಸ್ ಆಯ್ಕೆ ಚಾಲೂ ಆಗಿದೆಯೇ ಎಂದು ಮೊದಲು ನೋಡಿಬಿಡುವುದು ಒಳ್ಳೆಯದು.)

ಎಲ್‌ಸಿಡಿ ಪ್ಯಾನೆಲ್‌ನಲ್ಲಿ ಪ್ರತಿ ಪಿಕ್ಸೆಲ್‌ನ ದ್ರವಸ್ಫಟಿಕದ ಅಣುಗಳು ವೋಲ್ಟೇಜಿಗೆ ತಕ್ಕಂತೆ ಹೊರಳಿಕೊಂಡು ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ, ಮತ್ತು ಹಾಗೆ ಹೊರಳುವುದಕ್ಕೆ ಅವುಗಳಿಗೆ ಕಾಲ ಬೇಕು. 60 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಫ್ರೇಮ್ (ಒಂದು ಬಾರಿಯ ಚಿತ್ರ) ಸುಮಾರು 16.7 ಮಿಲಿಸೆಕೆಂಡು ಇರುತ್ತದೆ. ಪಿಕ್ಸೆಲ್ ಬದಲಾಗಲು 25 ಮಿಲಿಸೆಕೆಂಡು ಹಿಡಿಯಿತೆಂದರೆ ಹಿಂದಿನ ಫ್ರೇಮಿನ ಶೇಷ ಮುಂದಿನದರ ಮೇಲೆ ಉಳಿದೇ ಉಳಿಯುತ್ತದೆ. ಬೂದು ಛಾಯೆಗಳ ನಡುವಿನ ಬದಲಾವಣೆಗೆ ವೋಲ್ಟೇಜಿನ ಅಂತರ ಕಡಿಮೆಯಾದ್ದರಿಂದ ಅಣುಗಳಿಗೆ ಸಿಗುವ ತಳ್ಳು ದುರ್ಬಲ. ಕಡುಬೂದು ಹಿನ್ನೆಲೆಯಲ್ಲಿ ನನಗೆ ನೆರಳು ಹೆಚ್ಚಾಗಿ ಕಂಡದ್ದು ಇದಕ್ಕಾಗಿಯೇ. ಚಳಿಯಲ್ಲಿ ದ್ರವಸ್ಫಟಿಕ ಇನ್ನಷ್ಟು ಮಂದವಾಗುತ್ತದೆ. ಆದ್ದರಿಂದ ತಣ್ಣಗಿದ್ದ ಯಂತ್ರವನ್ನು ಆಗತಾನೇ ತೆರೆದು ತೀರ್ಪು ಕೊಡದೆ, ಸ್ವಲ್ಪ ಹೊತ್ತು ಬೆಚ್ಚಗಾಗಲು ಬಿಟ್ಟು ನೋಡಬೇಕು.

ಈ ಮಂದಗತಿಗೆ ತಯಾರಕರು ಕಂಡುಕೊಂಡ ಉಪಾಯ ಓವರ್‌ಡ್ರೈವ್. ಗುರಿ ಮುಟ್ಟಲು ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕ್ಷಣಕಾಲ ಕೊಟ್ಟು ಅಣುಗಳನ್ನು ಅವಸರಪಡಿಸುವುದೇ ಅದರ ಕೆಲಸ. ಮಿತಿ ಮೀರಿದರೆ ಪಿಕ್ಸೆಲ್ ಗುರಿಯನ್ನು ದಾಟಿ ಹೋಗಿ, ಕಪ್ಪು ನೆರಳಿನ ಜಾಗದಲ್ಲಿ ಹೊಳೆಯುವ ಅಂಚೊಂದು ಮೂಡುತ್ತದೆ. ನನ್ನ ಕಣ್ಣಿಗಂತೂ ಅದು ನೆರಳಿಗಿಂತಲೂ ಅಸಹ್ಯ. ಜಾಹೀರಾತುಗಳಲ್ಲಿ ಕಾಣುವ 3 ಮಿಲಿಸೆಕೆಂಡಿನಂಥ ಅಂಕಿಗಳು ಸಾಮಾನ್ಯವಾಗಿ ಓವರ್‌ಡ್ರೈವ್ ಗರಿಷ್ಠದಲ್ಲಿದ್ದಾಗಿನವು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಬದಲಿಸುವ ಸೌಲಭ್ಯ ತಯಾರಕರ ಆ್ಯಪ್‌ನಲ್ಲಿರುವುದುಂಟು, ಕಚೇರಿ ಕೆಲಸದ ಯಂತ್ರಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ನನ್ನದರಲ್ಲಿಯೂ ಇಲ್ಲ.

ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕ) ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅರ್ಧಸತ್ಯ. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮಿನ ಅವಧಿ 7 ಮಿಲಿಸೆಕೆಂಡಿಗೂ ಕಡಿಮೆಯಾದ್ದರಿಂದ, 25 ಮಿಲಿಸೆಕೆಂಡು ಹಿಡಿಯುವ ನಿಧಾನದ ಪ್ಯಾನೆಲ್‌ನಲ್ಲಿ ಮೂರು ನಾಲ್ಕು ಫ್ರೇಮ್‌ಗಳ ಶೇಷ ಒಂದರ ಮೇಲೊಂದು ಕೂಡುತ್ತದೆ. ಹಾಗಿದ್ದರೂ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪ್ಯಾನೆಲ್ ತನ್ನ ಪೂರ್ಣ ವೇಗದಲ್ಲಿದೆಯೇ ಎಂದು ನೋಡುವುದರಲ್ಲಿ ನಷ್ಟವಿಲ್ಲ, ಕೆಲವು ಯಂತ್ರಗಳು ಬ್ಯಾಟರಿಯ ಮೇಲಿದ್ದಾಗ ತಾವಾಗಿಯೇ 60ಕ್ಕೆ ಇಳಿಯುತ್ತವೆ. ಇನ್ನು ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್‌ಇಡಿ ಪರದೆಯಲ್ಲಿ ಪಿಕ್ಸೆಲ್ ಒಂದು ಮಿಲಿಸೆಕೆಂಡಿಗಿಂತ ಬೇಗ ಬದಲಾದರೂ, ಫ್ರೇಮ್ ಮುಗಿಯುವವರೆಗೆ ಚಿತ್ರ ನಿಂತೇ ಇರುವಾಗ ಕಣ್ಣು ಮಾತ್ರ ಮುಂದೆ ಸಾಗುತ್ತಿರುವುದರಿಂದ ಮಸುಕು ಪೂರ್ತಿ ಹೋಗದು. ಸೆಕೆಂಡಿಗೆ 960 ಪಿಕ್ಸೆಲ್ ವೇಗದ ವಸ್ತುವಿಗೆ 60 ಹರ್ಟ್ಸ್‌ನಲ್ಲಿ 16 ಪಿಕ್ಸೆಲ್‌ನಷ್ಟು, 120 ಹರ್ಟ್ಸ್‌ನಲ್ಲಿ 8 ಪಿಕ್ಸೆಲ್‌ನಷ್ಟು ಮಸುಕು ಉಳಿಯುತ್ತದೆ.

ನನ್ನ ಯಂತ್ರದಲ್ಲಿ ಇನ್ನೊಂದು ಲಕ್ಷಣವೂ ಇತ್ತು: ಪರದೆಯ ಮೇಲಿನ ವಿಂಡೋ ಒಂದನ್ನು ಮುಚ್ಚಿದ ಮೇಲೆ ಅದರ ತುಣುಕೊಂದು ಮೌಸ್ ಅಲುಗಿಸುವವರೆಗೂ ಅಲ್ಲಿಯೇ ಅಂಟಿಕೊಂಡಿರುತ್ತಿತ್ತು. ಪಿಕ್ಸೆಲ್‌ನ ನಿಧಾನ ಇಷ್ಟು ದೀರ್ಘವಾಗಿರಲಾರದು. ಚಿತ್ರ ಸ್ಥಿರವಾಗಿದ್ದಾಗ ವಿದ್ಯುತ್ ಉಳಿಸಲೆಂದು ಪ್ಯಾನೆಲ್ ತನ್ನದೇ ನೆನಪಿನಿಂದ ಚಿತ್ರವನ್ನು ತೋರಿಸುತ್ತಿದ್ದು, ಗ್ರಾಫಿಕ್ಸ್ ಭಾಗಕ್ಕೆ ವಿರಾಮ ಸಿಗುವ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂಬ ಏರ್ಪಾಡಿದೆ. ವಿರಾಮದಿಂದ ಎಚ್ಚರಗೊಳ್ಳುವಾಗ ತಾಳ ತಪ್ಪಿದರೆ ಹಳೆಯ ಚಿತ್ರ ಉಳಿದುಬಿಡುತ್ತದೆ. ಇದು ರೆಕಾರ್ಡಿಂಗ್‌ನಲ್ಲಿ ಸಿಕ್ಕಿಬೀಳುವುದೂ ಇಲ್ಲ. ಗ್ರಾಫಿಕ್ಸ್ ಆ್ಯಪ್‌ನ ಪವರ್ ವಿಭಾಗದಲ್ಲಿ ಅದನ್ನು ಆಫ್ ಮಾಡಿದೊಡನೆ ಆ ತುಣುಕುಗಳು ಮಾಯವಾದವು. ಸ್ಕ್ರೋಲ್ ಮಾಡುವಾಗಿನ ನೆರಳು ಮಾತ್ರ ಹಾಗೆಯೇ ಉಳಿಯಿತು.

ಆ ನೆರಳು ಪರದೆಯ ಎಲ್ಲ ಭಾಗದಲ್ಲಿಯೂ ಒಂದೇ ಸಮನಾಗಿದ್ದರೆ ಅದು ಆ ಮಾದರಿಯ ಪ್ಯಾನೆಲ್‌ನ ಸ್ವಭಾವವೆಂದೇ ತಿಳಿಯಬೇಕು, ಮತ್ತು ಸರ್ವಿಸ್ ಸೆಂಟರಿನವರು ಅದೇ ಮಾದರಿಯ ಇನ್ನೊಂದು ಪ್ಯಾನೆಲ್ ಹಾಕಿಕೊಟ್ಟರೂ ಫಲ ಅಷ್ಟೇ. ಒಂದು ಮೂಲೆಯಲ್ಲಿ ಮಾತ್ರ ಹೆಚ್ಚಿದ್ದರೆ ವಾರಂಟಿಯಲ್ಲಿ ಬದಲಿಸಿ ಎಂದು ಕೇಳಬಹುದು. ಆಟಕ್ಕೆಂದು ಕೊಂಡಿದ್ದರೆ ನಾನು ವಾಪಸಾತಿಯ ಗಡುವಿನೊಳಗೆ ಹಿಂತಿರುಗಿಸಿ ಬೇರೆ ಮಾದರಿ ತರುತ್ತಿದ್ದೆ. ನನ್ನ ಕೆಲಸ ಬಹುಪಾಲು ಬರವಣಿಗೆಯಾದ್ದರಿಂದ ಡಾರ್ಕ್ ಥೀಮ್ ಬಿಟ್ಟು ಬಿಳಿ ಹಿನ್ನೆಲೆಗೆ ಬದಲಾಯಿಸಿಕೊಂಡು, ಯಂತ್ರವನ್ನು ಇಟ್ಟುಕೊಂಡಿದ್ದೇನೆ.